ಸುತರಿಲ್ಲದ ಕಾಲವಿರಲಿಲ್ಲ

ಕಪ್ಪದೋಕ್ಯ ಸೀಮೆಯ ಒಂದು ಪಟ್ಟಣದ ಹೊರಗೆ, ಚರ್ಮ ಹದಮಾಡುವವರ ಕೇರಿಯನ್ನೂ ದಾಟಿದ ಮೇಲೆ, ಪೂಜ್ಯ ಮಾತೆ ಎಲ್ಪಿದಿಯಾ ಅವರ ಆಶ್ರಮವಿತ್ತು. ಆಶ್ರಮವೆಂದರೆ ಹಿಂದೆ ಯಾರೋ ಬಿಟ್ಟುಹೋದ ಕುರಿದೊಡ್ಡಿ. ಅದರ ಗೋಡೆಗೆ ಮಣ್ಣು ಮೆತ್ತಿ, ಮೇಲೆ ಜೊಂಡು ಹೊದಿಸಿ, ಊರವರು ಹೊರಗಟ್ಟಿದ ಕುಷ್ಠರೋಗಿಗಳನ್ನು ಮಾತೆಯವರು ಅಲ್ಲಿ ಇರಿಸಿಕೊಂಡಿದ್ದರು. ದೊಡ್ಡ ಮನೆತನದಲ್ಲಿ ಜನಿಸಿದವರಾದರೂ ರೋಗಿಗಳ ಗಂಜಿಯೇ ಅವರಿಗೂ ಗಂಜಿ, ರೋಗಿಗಳ ಹುಲ್ಲುಹಾಸೇ ಅವರಿಗೂ ಹಾಸಿಗೆ.

ಕ್ರೈಸ್ತ ಧರ್ಮಸಭೆಗೆ ಅದು ಸಂಕಟದ ಕಾಲ. ದೇವಸುತರಾದ ಯೇಸುಸ್ವಾಮಿಯವರು ಪಿತರಾದ ದೇವರಿಗೆ ಸಮಾನರಲ್ಲ, ಪಿತರು ಎಲ್ಲಕ್ಕಿಂತ ಮೊದಲು ಸೃಷ್ಟಿಸಿದ ಒಂದು ಜೀವ ಮಾತ್ರ, ಸುತರು ಇಲ್ಲದ ಒಂದು ಕಾಲವಿತ್ತು ಎಂದು ಕೆಲವು ಪಂಡಿತರು ಬೋಧಿಸುತ್ತಿದ್ದರು. ಚಕ್ರವರ್ತಿಯೂ ಆ ಪಕ್ಷವನ್ನೇ ಹಿಡಿದಿದ್ದ. ಒಪ್ಪದ ಧರ್ಮಾಧ್ಯಕ್ಷರನ್ನು ಗಡೀಪಾರು ಮಾಡಿ ಆ ಪೀಠದಲ್ಲಿ ತನಗೆ ಬೇಕಾದವರನ್ನು ಕೂರಿಸಿದ. ಆದರೆ ಪಟ್ಟಣದ ಜನ ಹೊಸ ಧರ್ಮಾಧ್ಯಕ್ಷರ ಮುಖ ನೋಡುತ್ತಿರಲಿಲ್ಲ. ಎಲ್ಪಿದಿಯಮ್ಮನವರು ಏನೆನ್ನುತ್ತಾರೆ ಎಂದು ಕುರಿದೊಡ್ಡಿಯ ಕಡೆಗೇ ಕಿವಿಗೊಟ್ಟಿದ್ದರು. ಇದನ್ನು ಚಕ್ರವರ್ತಿಯ ಪ್ರಾಂತಾಧಿಪತಿಗೆ ಸಹಿಸಲಾಗಲಿಲ್ಲ. ಯೇಸು ಜಗತ್ತಿಗೆ ಪ್ರಕಟವಾದುದನ್ನು ನೆನೆಯುವ, ಚಳಿಗಾಲದ ಪ್ರಭು ಪ್ರಕಾಶನದ ಹಬ್ಬದಂದು ಮಾತೆಯವರು ದೇವಾಲಯಕ್ಕೆ ಬಂದು, ಎಲ್ಲರೆದುರು ಹೊಸ ಬೋಧನೆಯನ್ನು ತಮ್ಮ ಬಾಯಿಂದಲೇ ಹೇಳಬೇಕೆಂದು ತೀರ್ಮಾನಿಸಿ, ಅವರನ್ನು ಒಪ್ಪಿಸಲು ಕಲ್ಲಿಸ್ತನನ್ನು ಕಳಿಸಿದ.

ಕಲ್ಲಿಸ್ತ ಆ ಸೀಮೆಗೆಲ್ಲ ಹೆಸರಾದ ವಾಗ್ಮಿ, ಪಟ್ಟಣದ ವಿದ್ಯಾಶಾಲೆಯಲ್ಲಿ ವಾದವಿದ್ಯೆ ಕಲಿಸುವವನು. ಬೆಳಗ್ಗೆ ಒಂದು ಪಕ್ಷವನ್ನು ಗೆಲ್ಲಿಸಿ, ಊಟ ಮುಗಿಸಿ, ಮಧ್ಯಾಹ್ನ ಎದುರು ಪಕ್ಷವನ್ನೂ ಗೆಲ್ಲಿಸಬಲ್ಲವನು. ಹಳೆಯ ದೇವತೆಗಳಲ್ಲೂ ನಂಬಿಕೆಯಿಲ್ಲ, ಕ್ರೈಸ್ತರ ದೇವರಲ್ಲೂ ಇಲ್ಲ. ಹಬ್ಬದ ಹಿಂದಿನ ದಿನ ಅವನು ಮೂಗಿಗೆ ಬಟ್ಟೆ ಹಿಡಿದುಕೊಂಡು ಆಶ್ರಮದ ಬಾಗಿಲಲ್ಲಿ ನಿಂತ. ಮಾತೆಯವರು ಗೊರ್ದಿಯನೆಂಬ ರೋಗಿಯ ಕಾಲು ತೊಳೆಯುತ್ತಿದ್ದರು. ಗೊರ್ದಿಯ ಒಂದು ಕಾಲಕ್ಕೆ ಕಲ್ಲುಕುಟಿಗ. ಈಗ ಅವನ ಕೈಯಲ್ಲಿ ಬೆರಳುಗಳಿರಲಿಲ್ಲ.

"ತಾಯೀ," ಎಂದು ಕಲ್ಲಿಸ್ತ ಶುರುಮಾಡಿದ, "ಯಾವ ಮನೆಯಲ್ಲೇ ಆಗಲಿ, ತಂದೆ ಮೊದಲು, ಮಗ ಆಮೇಲೆ. ಹಾಗಿರುವಾಗ ಸುತನಿಲ್ಲದ ಕಾಲವೊಂದಿತ್ತು ಎನ್ನಲು ನಿಮಗೇನು ಅಡ್ಡಿ?"

ಮಾತೆಯವರು ತಲೆಯೆತ್ತದೆ ಕೇಳಿದರು. "ನಿಮಗೆ ಮಕ್ಕಳಿದ್ದಾರೆಯೇ?"

"ಒಬ್ಬಳು ಮಗಳು. ಮದುವೆಯಾಗಿ ಅಂತಿಯೋಕ್ಯದಲ್ಲಿದ್ದಾಳೆ."

"ಅವಳು ಹುಟ್ಟುವ ಮೊದಲು ನಿಮ್ಮನ್ನು ತಂದೆ ಎಂದು ಕರೆದವರು ಯಾರು?"

"ಯಾರೂ ಇಲ್ಲ."

"ನಾವು ತಂದೆತಾಯಿ ಆಗುವವರು. ದೇವರು ಹೊಸದಾಗಿ ಏನೂ ಆಗುವವರಲ್ಲ. ಅವರು ಎಂದೆಂದಿಗೂ ಪಿತರು. ಅಂದಮೇಲೆ ಸುತರೂ ಎಂದೆಂದಿಗೂ ಇದ್ದಾರೆ."

ಜಾಣ ಶಿಷ್ಯನ ಉತ್ತರವನ್ನು ಮೆಚ್ಚುವಂತೆ ಕಲ್ಲಿಸ್ತ ನಕ್ಕುಬಿಟ್ಟ. ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. ತಾನು ಹೊತ್ತುತಂದ ಇನ್ನೊಂದು ಮಾತನ್ನೂ ಅವನು ಹೇಳಲೇಬೇಕಿತ್ತು. ಮಾತೆಯವರು ಒಪ್ಪದಿದ್ದರೆ ಆಶ್ರಮವನ್ನು ಕೆಡವಿ, ರೋಗಿಗಳನ್ನು ಹಿಮ ಬಿದ್ದ ಬೆಟ್ಟಕ್ಕೆ ಅಟ್ಟಬೇಕೆಂದು ಅಪ್ಪಣೆಯಾಗಿತ್ತು. ಅದನ್ನೂ ಹೇಳಿದ.

"ಒಂದೇ ಒಂದು ಮಾತು, ತಾಯೀ. ನಾಲಿಗೆ ಅಂದುಬಿಡಲಿ, ಮನಸ್ಸು ನಿಮ್ಮದೇ ಇರಲಿ. ಈ ಜನ ಬದುಕಿಕೊಳ್ಳುತ್ತಾರೆ." ಈ ಸಲ ಅವನು ವಾದ ಮಾಡುತ್ತಿರಲಿಲ್ಲ, ನಿಜವಾಗಿಯೂ ಬೇಡಿಕೊಳ್ಳುತ್ತಿದ್ದ.

ಮಾತೆಯವರು ಕೈಯೊರೆಸಿಕೊಂಡು ಎದ್ದು ಎಲ್ಲ ರೋಗಿಗಳನ್ನೂ ಕರೆದರು.

"ಮಕ್ಕಳೇ, ಯೇಸುಸ್ವಾಮಿಯವರು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರು. ಮುಟ್ಟಿದ್ದು ದೇವರೇ ಎಂದು ನಿಮಗೆ ಹೇಳುತ್ತ ಬಂದಿದ್ದೇನೆ. ದೇವರಲ್ಲ, ದೇವರು ಕಳಿಸಿದ ಆಳು ಎಂದು ನಾಳೆ ನಾನು ಹೇಳಬೇಕಂತೆ. ಹೇಳಿದರೆ ಈ ಸೂರು ಉಳಿಯುತ್ತದೆ. ಇಲ್ಲದಿದ್ದರೆ ಬೆಟ್ಟ."

ಗೊರ್ದಿಯ ಗೊಗ್ಗರು ದನಿಯಲ್ಲಿ ಹೇಳಿದ, "ತಾವು ದೂರ ನಿಂತು ಆಳಿನ ಕೈಲಿ ರೊಟ್ಟಿ ಎಸೆಸುವ ದೊಡ್ಡವರನ್ನು ಬೇಕಾದಷ್ಟು ನೋಡಿದ್ದೇನೆ ಅಮ್ಮಾ. ಅಂಥ ದೇವರು ನನಗೆ ಬೇಡ. ನಡೀರಿ ಬೆಟ್ಟಕ್ಕೆ."

"ಬೆಟ್ಟಕ್ಕೆ ಆಮೇಲೆ ಹೋದರಾಯಿತು," ಎಂದಳು ಮೆಲಿತೆ. ಅವಳು ಉಣ್ಣೆಗೆ ಬಣ್ಣ ಹಾಕುತ್ತಿದ್ದವಳು, ಬಾಯಿ ಸ್ವಲ್ಪ ಜೋರು. "ಕರೆದಿರುವುದು ದೇವಾಲಯಕ್ಕೆ ತಾನೆ? ಮೊದಲು ಅಲ್ಲಿಗೇ ಹೋಗೋಣ. ಎಲ್ಲರೂ!"

ಮಾತೆಯವರ ಮುಖ ಅರಳಿತು. "ಎಲ್ಲರೂ," ಎಂದರು.

ಹಬ್ಬದ ಬೆಳಗ್ಗೆ ಆ ಮೆರವಣಿಗೆ ಪಟ್ಟಣದ ಕಡೆ ಹೊರಟಿತು. ನಡೆಯಬಲ್ಲವರು ನಡೆಯಲಾರದವರನ್ನು ಹೊತ್ತಿದ್ದರು. ಕಲ್ಲಿಸ್ತ ಓಡಿಹೋಗಿ ಪ್ರಾಂತಾಧಿಪತಿಗೆ ಸುದ್ದಿ ಮುಟ್ಟಿಸಬಹುದಿತ್ತು, ಮುಟ್ಟಿಸಲಿಲ್ಲ. ಏಕೆಂದು ತಿಳಿಯದೆಯೇ ಅವರ ಹಿಂದೆ ನಡೆದ. ಕೋಟೆಯ ಬಾಗಿಲಲ್ಲಿ ಸೈನಿಕರು ಈಟಿ ಅಡ್ಡಹಿಡಿದರು. ಮಾತೆಯವರು ನಿಲ್ಲಲಿಲ್ಲ. ಗೊರ್ದಿಯ ಬೆರಳಿಲ್ಲದ ಕೈಯಿಂದ ಈಟಿಯನ್ನು ಪಕ್ಕಕ್ಕೆ ತಳ್ಳಲು ಬಂದಾಗ, ಅವನ ಕೈ ತಗುಲೀತೆಂಬ ಭಯಕ್ಕೆ ಸೈನಿಕರೇ ಗೋಡೆಗೊತ್ತಿ ನಿಂತರು. ಆ ಬಾಗಿಲಿಂದ ಎಂದೋ ಹೊರಗಟ್ಟಿಸಿಕೊಂಡವರು ಅಂದು ತಲೆಯೆತ್ತಿ ಒಳಗೆ ಬಂದರು.

ದೇವಾಲಯ ಕಿಕ್ಕಿರಿದಿತ್ತು. ಜನ ಸರಿದು ದಾರಿ ಬಿಟ್ಟರು. ಪ್ರಾಂತಾಧಿಪತಿ ಬಿಳಿಚಿಕೊಂಡ ಮುಖದಿಂದ "ಹೇಳು!" ಎಂದ.

ಮಾತೆಯವರು ಹೇಳಿದರು. "ಸುತರಿಲ್ಲದ ಕಾಲವಿರಲಿಲ್ಲ. ಕಾಲವನ್ನು ಉಂಟುಮಾಡಿದವರೇ ಅವರು. ಕನ್ಯೆಯಲ್ಲಿ ಜನಿಸಿದವರು ದೇವರು. ನಮ್ಮನ್ನು ಮುಟ್ಟಿದವರು ದೇವರು. ಶಿಲುಬೆಯ ಮೇಲೆ ಪ್ರಾಣಬಿಟ್ಟವರು ದೇವರು."

"ಆಮೆನ್!" ಎಂದರು ರೋಗಿಗಳು. ಹಿಂದೆ ಕಂಬದ ಬಳಿ ನಿಂತಿದ್ದ ಒಬ್ಬ ಧಾನ್ಯದ ವ್ಯಾಪಾರಿ "ಆಮೆನ್!" ಎಂದ. ಮರುಕ್ಷಣ ಇಡೀ ದೇವಾಲಯ ಗುಡುಗಿತು.

"ಕಲ್ಲಿಸ್ತ! ಎಲ್ಲಿ ಹೋಯಿತು ನಿನ್ನ ವಿದ್ಯೆ? ಉತ್ತರ ಕೊಡು ಇವಳಿಗೆ!" ಎಂದು ಪ್ರಾಂತಾಧಿಪತಿ ಅರಚಿದ.

ಕಲ್ಲಿಸ್ತ ಮುಂದೆ ಬಂದ. ಅದೇ ಹೊತ್ತಿಗೆ, ಸ್ಪರ್ಶವಿಲ್ಲದ ಪಾದಗಳಿಗೆ ಮೆಟ್ಟಿಲು ಸಿಗದೆ ಮೆಲಿತೆ ಮುಗ್ಗರಿಸಿದಳು. ಅವನು ಯೋಚಿಸಲಿಲ್ಲ; ಅವಳ ತೋಳನ್ನು ಭದ್ರವಾಗಿ ಹಿಡಿದುಕೊಂಡ. ಜನ ಬೆಚ್ಚಿ ಉಸಿರೆಳೆದದ್ದು ಅವನಿಗೆ ಕೇಳಿಸಿತು. ಆದರೂ ಕೈ ಬಿಡಲಿಲ್ಲ.

"ಉತ್ತರ ನನ್ನ ಬಳಿ ಇದೆ, ಪ್ರಭುಗಳೇ. ಕೊಡಲಾರೆ," ಎಂದ.

"ಏಕೆ?"

"ತಾಯಿಯವರು ಹೇಳಿದ್ದು ನಿಜ ಅನ್ನಿಸುತ್ತಿದೆ."

"ಹಾಗಾದರೆ ನೀನೂ ಬೆಟ್ಟಕ್ಕೇ ಹೋಗು!"

"ಆಗಲಿ."

ಅಂದೇ ಆಶ್ರಮವನ್ನು ನೆಲಸಮ ಮಾಡಿದರು. ಬೆಟ್ಟದ ಗುಹೆಗಳಲ್ಲಿ ಆ ಚಳಿಗಾಲ ಕಠಿಣವಾಗಿತ್ತು. ಗೊರ್ದಿಯ ಅಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದ. ಹೆಪ್ಪುಗಟ್ಟಿದ ನೆಲವನ್ನು ಅಗೆದು ಅವನನ್ನು ಮಣ್ಣುಮಾಡಿದವನು ಕಲ್ಲಿಸ್ತ. ಸೌದೆ ತಂದ, ಗಂಜಿ ಕಾಯಿಸಿದ, ಹುಣ್ಣು ಕಟ್ಟುವುದನ್ನು ಮಾತೆಯವರಿಂದ ಕಲಿತ. ಯೇಸುವಿನ ಪುನರುತ್ಥಾನದ ಪಾಸ್ಕ ಹಬ್ಬದಂದು, ಹೊಸ ಬೋಧನೆಯನ್ನು ಒಪ್ಪದೆ ಅಲ್ಲಿ ತಲೆಮರೆಸಿಕೊಂಡಿದ್ದ ಒಬ್ಬ ಗುರುಗಳಿಂದ, ಹಿಮ ಕರಗಿ ಹರಿಯುತ್ತಿದ್ದ ಹಳ್ಳದಲ್ಲಿ ಸ್ನಾನದೀಕ್ಷೆ ಪಡೆದು ಕ್ರೈಸ್ತನಾದ.

ಅಂದಿನಿಂದ ಭಕ್ತಜನ ಅವರನ್ನು ಪೂಜ್ಯ ಕಲ್ಲಿಸ್ತರೆಂದೇ ಕರೆಯುತ್ತಾರೆ.

ಅದಾಗಿ ಕೆಲವೇ ದಿನಗಳಲ್ಲಿ ಪ್ರಾಂತಾಧಿಪತಿಯ ದೂತರು ಬೆಟ್ಟ ಹತ್ತಿ ಬಂದರು. ಕಲ್ಲಿಸ್ತರಿಲ್ಲದೆ ಪಟ್ಟಣದ ವಿದ್ಯಾಶಾಲೆ ಬರಿದಾಗಿತ್ತು.

"ವಿದ್ಯಾಶಾಲೆಯಲ್ಲಿ ನಿಮ್ಮ ಪೀಠ ನಿಮಗೇ ಉಂಟು. ನಂಬಿಕೆ ಏನು ಬೇಕಾದರೂ ಇಟ್ಟುಕೊಳ್ಳಿ. ಸುತರ ವಿಷಯದಲ್ಲಿ ಸುಮ್ಮನಿದ್ದರೆ ಸಾಕಂತೆ," ಎಂದರು.

ಕಲ್ಲಿಸ್ತರು ಮಾತೆಯವರ ಕಡೆ ನೋಡಿದರು. ಮಾತೆಯವರು ಅವರ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದರು.

"ಸುಮ್ಮನಿರುವುದೊಂದು ಮಾತ್ರ ಇನ್ನು ನನ್ನಿಂದಾಗದು. ತಾಯಿಯವರು ಹೇಳಿದ್ದನ್ನೇ ಪಟ್ಟಣಕ್ಕೆ ಬಂದು ಎಲ್ಲರೆದುರು ಹೇಳುತ್ತೇನೆ," ಎಂದು ಕಲ್ಲಿಸ್ತರು ದೂತರಿಗೆ ಹೇಳಿದರು. ಹಾಗೆ ಹೇಳಿ, ಕಂಬಳಿಯನ್ನು ಹೆಗಲಿಗೇರಿಸಿಕೊಂಡು, ಅವರಿಗಿಂತ ಮುಂದಾಗಿ ತಾವೇ ಪಟ್ಟಣದ ದಾರಿ ಹಿಡಿದು ಇಳಿದುಹೋದರು.