ಬಿರುಕಿನ ಚಿತ್ರ

“ಗುರುಗಳೇ, ಕಹಿಯಾದ ಸತ್ಯವೊಂದನ್ನು ಹೇಳಬೇಕಾದಾಗ ಮೊದಲು ಯಾವ ಸಿದ್ಧತೆ ಮಾಡಿಕೊಳ್ಳಬೇಕು?” ಎಂದು ಶಿಷ್ಯ ಕೇಳಿದ.

“ಯಾರಿಗೆ ಹೇಳಬೇಕಾಗಿದೆ?” ಎಂದರು ಗುರುಗಳು.

“ಯಾರಿಗೂ ಅಂತಲ್ಲ. ಸುಮ್ಮನೆ ಕೇಳಿದೆ.”

ಸುಮ್ಮನೆ ಕೇಳುವವನ ಮುಖ ಅಷ್ಟು ಬಾಡಿರುವುದಿಲ್ಲ. ಗುರುಗಳು ಅದನ್ನು ಕೆದಕದೆ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ದೊಡ್ಡ ಕೆರೆಯಿತ್ತು. ಕೆರೆಯ ಏರಿಯ ಕೆಳಗೆ ಒಂದು ಕೇರಿ, ನಲವತ್ತು ಮನೆ. ಆ ಕೆರೆಯ ಉಸ್ತುವಾರಿ ಒಬ್ಬ ಎಂಜಿನಿಯರನದು. ಅವನು ಕೆಟ್ಟವನೇನಲ್ಲ. ಬೇಸಿಗೆಯಲ್ಲಿ ಏರಿಯ ದುರಸ್ತಿ ಮುಗಿದಾಗ ಬಿಸಿಲಿಗೆ ಬೇಸತ್ತು ಜೀಪಿನಿಂದ ಇಳಿಯದೆಯೇ “ಏರಿ ಭದ್ರವಾಗಿದೆ” ಎಂದು ಬರೆದು ಸಹಿ ಹಾಕಿದ್ದ, ಅಷ್ಟೇ.

ಆಯುಧಪೂಜೆ ಕಳೆದು ಎರಡು ವಾರವಾಗಿತ್ತು. ನಾಲ್ಕು ದಿನ ಬಿಡದೆ ಮಳೆ ಹೊಯ್ದು ಐದನೆಯ ದಿನ ಬೆಳಿಗ್ಗೆ ಹೊಳವಾಯಿತು. ಎಂಜಿನಿಯರ್ ಏರಿಯ ಮೇಲೆ ನಡೆದು ನೋಡಿದ. ನಟ್ಟನಡುವೆ ಮುಂಗೈ ಇಳಿಯುವಷ್ಟು ಅಗಲದ ಬಿರುಕು. ಬುಡದಲ್ಲಿ ಕೆಸರುನೀರು ಜಿನುಗುತ್ತಿತ್ತು. ತಿಳಿನೀರಾದರೆ ಅಷ್ಟು ಅಂಜಬೇಕಿಲ್ಲ. ಕೆಸರು ಬಂದರೆ ಏರಿಯ ಮಣ್ಣೇ ಕರಗಿ ಬರುತ್ತಿದೆ ಎಂದು ಅರ್ಥ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನಿಗೆ ನೀರಿನ ಭಯವೂ ಇತ್ತು, ಸಹಿಯ ಭಯವೂ ಇತ್ತು. ಕೇರಿಯಲ್ಲಿ ನಿಂತು “ಮನೆ ಬಿಟ್ಟು ಹೊರಡಿ” ಎಂದು ಕೂಗಿದರೆ, “ಭದ್ರವಾಗಿದೆ ಎಂದವನು ನೀನೇ ತಾನೇ?” ಎಂದು ಕೇಳುತ್ತಾರೆ. ಆಗ ಎಲ್ಲರ ಕಣ್ಣೂ ಅವನ ಮುಖದ ಮೇಲೆ. ಅದರ ಬದಲು ಬಿರುಕನ್ನು ಸಮುದಾಯ ಭವನದ ಟಿ.ವಿ.ಯಲ್ಲಿ ದೊಡ್ಡದಾಗಿ ತೋರಿಸಿಬಿಟ್ಟರೆ? ಜನ ಚಿತ್ರವನ್ನು ನೋಡುತ್ತಾರೆ, ತನ್ನನ್ನಲ್ಲ. ಹೀಗೆ ಲೆಕ್ಕ ಹಾಕಿ ಅವನು ಮೊಬೈಲಿನಲ್ಲಿ ಚಿತ್ರ ತೆಗೆದ. ಮನೆಗೆ ಹೋಗಿ ಲ್ಯಾಪ್‌ಟಾಪಿಗೆ ತುಂಬಿಕೊಂಡ. ಮಧ್ಯಾಹ್ನ ಎರಡಕ್ಕೆ ಕೇರಿಯವರು ಮನೆಗೊಬ್ಬರಂತೆ ಸಮುದಾಯ ಭವನಕ್ಕೆ ಬರಬೇಕೆಂದು ಡಂಗುರ ಹೊಡೆಸಿದ. ಯಾಕೆ ಎಂದು ಮಾತ್ರ ಹೇಳಿಸಲಿಲ್ಲ.

ಭವನ ಎತ್ತರದ ಬೀದಿಯಲ್ಲಿತ್ತು. ಜನ ಬಂದು ಕೂತರು. ಎಂಜಿನಿಯರ್ ಲ್ಯಾಪ್‌ಟಾಪಿಗೂ ಟಿ.ವಿ.ಗೂ ಕೇಬಲ್ ಸಿಕ್ಕಿಸಿದ. ಟಿ.ವಿ. “ಸಿಗ್ನಲ್ ಇಲ್ಲ” ಎಂದಿತು.

ಕೇಬಲ್ ಕಿತ್ತು ಮತ್ತೆ ಹಾಕಿದ. ಸಿಗ್ನಲ್ ಇಲ್ಲ. ಆ ತುದಿ ಈ ಕಡೆಗೆ, ಈ ತುದಿ ಆ ಕಡೆಗೆ ಮಾಡಿದ. ಸಿಗ್ನಲ್ ಇಲ್ಲ. ಟಿ.ವಿ.ಯ ಹಿಂದೆ ಮೂರು ಕಿಂಡಿಗಳಿದ್ದವು; ಎರಡನೆಯದಕ್ಕೆ ಹಾಕಿದ, ಮೂರನೆಯದಕ್ಕೂ ಹಾಕಿದ. ರಿಮೋಟನ್ನು ಅಂಗೈಗೆ ಬಡಿದು ಮತ್ತೆ ಒತ್ತಿದ. ಟಿ.ವಿ., ಲ್ಯಾಪ್‌ಟಾಪ್ ಎರಡನ್ನೂ ಆರಿಸಿ ಹೊತ್ತಿಸಿದ. ಬಿರುಕು ಲ್ಯಾಪ್‌ಟಾಪಿನ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು, ಆದರೆ ಅದು ಅವನ ಕಡೆಗೆ ತಿರುಗಿತ್ತು. ಅದನ್ನು ನೋಡಿದಾಗಲೆಲ್ಲ ಅವನಿಗೆ ಒಂದೇ ಯೋಚನೆ: ಏರಿ ಈಗ ಎಷ್ಟು ಕರಗಿರಬಹುದು? ಮತ್ತೆ ಮೊದಲನೆಯ ಕಿಂಡಿಗೆ ಕೇಬಲ್ ಹಾಕಿದ.

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. “ಅದೇನ್ ಸಮಾಚಾರ ಅಂತ ಬಾಯಲ್ಲೇ ಹೇಳ್ಬಾರ್ದಾ ಸ್ವಾಮಿ? ಮನೇಲಿ ನಮ್ಮೆಜಮಾನ್ರು ಕಾಲು ಮುರ್ಕೊಂಡು ಮಂಚದ ಮೇಲವ್ರೆ. ಉಣ್ಣಾಕಿಕ್ಬೇಕು.”

“ಎರಡೇ ನಿಮಿಷ. ಕೂತ್ಕೊಳ್ಳಮ್ಮ,” ಎಂದ ಎಂಜಿನಿಯರ್, ತಲೆಯೆತ್ತದೆ.

ಅವಳು ಕೂತಳು. ಓದಿದವನು ಕೂರು ಎಂದರೆ ಕೂರುವುದು ಆ ಕೇರಿಯವರ ರೂಢಿ. ಅವನಾದರೋ ಬೆವರು ಒರೆಸಿಕೊಂಡು ಮತ್ತೆ ಕೇಬಲ್ಲಿಗೆ ಬಾಗಿದ. ಹೇಳಿಬಿಡಲೇ ಎಂದು ಒಮ್ಮೆ ಅನ್ನಿಸಿತು. ಬಾಯಿ ತೆರೆದ. ಚಿತ್ರ ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ.

ಹೀಗೆ ಒಂದು ಗಂಟೆ ಕಳೆಯಿತು. ಕೊನೆಗೆ ಅವನು ಟಿ.ವಿ.ಯನ್ನು ಗೋಡೆಯಿಂದ ಸರಿಸಿ ಕಿಂಡಿಗೆ ಮೊಬೈಲಿನ ಬೆಳಕು ಬಿಟ್ಟ. ಒಳಗೆ ಏನೋ ಹಳದಿಯಾಗಿ ಗಟ್ಟಿಕಟ್ಟಿತ್ತು. ಭವನದ ಜವಾನನನ್ನು ಕರೆದು ಇದೇನು ಎಂದು ಕೇಳಿದ.

“ಗಂಧ, ಸ್ವಾಮಿ,” ಎಂದ ಜವಾನ ಕೈಮುಗಿದು. “ಆಯುಧಪೂಜೆಗೆ ಹಚ್ಚಿದ್ದು. ಮೂರಕ್ಕೂ ಹಚ್ಚಿವ್ನಿ. ಒಂದಕ್ಕೆ ಹಚ್ಚಿ ಇನ್ನೆರಡು ಬಿಟ್ಟರೆ ಶಾಂತಿ ಆಗಾಕಿಲ್ಲ.”

ಜವಾನನ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಬೆರಳಿನಲ್ಲಿ ಒತ್ತಿ ಒತ್ತಿ ತುಂಬಿದ್ದ. ಎಂಜಿನಿಯರ್ ಟಿ.ವಿ. ಆರಿಸಿ, ಇನ್ನೊಬ್ಬ ಹೆಂಗಸಿನ ಹತ್ತಿರ ಸೇಫ್ಟಿ ಪಿನ್ನು ಇಸಿದುಕೊಂಡು, ಒಂದು ಕಿಂಡಿಯ ಗಂಧವನ್ನು ಪುಡಿಪುಡಿಯಾಗಿ ಕೆರೆದು ಊದಿದ. ಕೇಬಲ್ ಹಾಕಿ ಹೊತ್ತಿಸಿದ. ಚಿತ್ರ ಬಂತು. ಅವನಿಗೆ ಹೋದ ಜೀವ ಬಂದಂತಾಯಿತು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ತಟ್ಟುತ್ತಲೇ ಅವರು ಚಿತ್ರ ನೋಡಿದರು. ಒಂದೊಂದೇ ಕೈ ನಿಂತಿತು.

“ಇದು ನಮ್ಮ ಕೆರೆ ಏರಿ ಅಲ್ವಾ?” ಎಂದಳು ಮುಂದಿನ ಸಾಲಿನ ಆ ಹೆಂಗಸು. “ಯಾವಾಗ ತೆಗ್ದಿದ್ದು?”

“ಬೆಳಿಗ್ಗೆ,” ಎಂದ ಎಂಜಿನಿಯರ್. “ಒಂಬತ್ತಕ್ಕೆ.”

ಅವಳು ಗೋಡೆಯ ಗಡಿಯಾರ ನೋಡಿದಳು. ಮೂರೂಕಾಲು. “ಬೆಳಿಗ್ಗೆಯಿಂದ ಗೊತ್ತಿತ್ತಾ ನಿಮಗೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಓಡಿದಳು. ಅವಳ ಹಿಂದೆ ಎಲ್ಲರೂ ಓಡಿದರು. ಸಹಿಯ ಮಾತನ್ನು ಯಾರೂ ಎತ್ತಲಿಲ್ಲ. ಅದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಕೇರಿಯವರು ಮಕ್ಕಳನ್ನು ಎತ್ತಿಕೊಂಡು, ಮುದುಕರ ಕೈ ಹಿಡಿದು ಎತ್ತರಕ್ಕೆ ಬಂದರು. ನಡೆಯಬಲ್ಲವರೆಲ್ಲ ಬಂದರು. ಆ ಹೆಂಗಸಿನ ಗಂಡ ನಡೆಯುವಂತಿರಲಿಲ್ಲ. ಅವಳ ಮನೆ ಕೇರಿಯ ಕೊನೆಯದು. ಮಂಚ ಹೊರಲು ನಾಲ್ಕು ಜನ ಹೊರಟರು. ಅವರು ಅರ್ಧ ದಾರಿಯಲ್ಲಿದ್ದಾಗ ಏರಿ ಒಡೆಯಿತು. ಆ ನಾಲ್ವರು ಮರ ಹಿಡಿದು ಉಳಿದರು. ಮೊದಲೇ ಓಡಿದ್ದ ಹೆಂಗಸು ಸೂರು ಹತ್ತಿ ಉಳಿದಳು. ಮಂಚ ಮಾತ್ರ ಅವಳ ಕಣ್ಣೆದುರೇ ತೇಲಿಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ: “ಆ ಜವಾನ ಎಂಥ ಕೆಲಸ ಮಾಡಿಬಿಟ್ಟ, ಗುರುಗಳೇ! ಅವನು ಗಂಧ ತುಂಬದಿದ್ದರೆ ಚಿತ್ರ ಒಂದು ಗಂಟೆ ಮೊದಲೇ ಬರುತ್ತಿತ್ತಲ್ಲ.”

ಗುರುಗಳು ಅವನನ್ನೇ ನೋಡಿ ಕೇಳಿದರು: “ನೀನು ಹೇಳಬೇಕಾಗಿರುವುದು ನಿನಗೆ ಗೊತ್ತಾಗಿ ಎಷ್ಟು ದಿನವಾಯಿತು?”