ಓಡುವವನೂ ಕೆಡವುವವನೂ

“ಬುದ್ಧೀ, ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಡುತ್ತೇನೋ ಅವನು ಸೋತುಹೋದರೆ ನನ್ನ ಹೊಟ್ಟೆಕಿಚ್ಚು ತೀರುತ್ತದೆಯೇ?”

ಹೀಗೆ ಗುರುಗಳನ್ನು ಕೇಳಿದವನು ಚೆನ್ನಮಲ್ಲ. ಮಠದಲ್ಲಿ ಅವನ ಜೊತೆಗೇ ದೀಕ್ಷೆ ಪಡೆದ ಇನ್ನೊಬ್ಬ ಶಿಷ್ಯನ ಪ್ರವಚನಕ್ಕೆ ಜನ ಅಂಗಳ ತುಂಬಿ ಕೂರುತ್ತಿದ್ದರು. ಚೆನ್ನಮಲ್ಲನ ಸರದಿ ಬಂದ ದಿನ ಮುಂದಿನ ಎರಡು ಸಾಲೂ ತುಂಬುತ್ತಿರಲಿಲ್ಲ. ಗುರುಗಳಿಗೆ ಇದು ಗೊತ್ತಿತ್ತು. ಆ ಮಾತನ್ನು ಅವರು ಎತ್ತಲಿಲ್ಲ. ಕತೆ ಹೇಳಿದರು.

ಅಮೆರಿಕದಲ್ಲಿ ಒಂದು ಆಟವಿದೆ. ಹೆಸರು ಫುಟ್‌ಬಾಲ್, ಆದರೆ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುತ್ತಾರೆ. ಹಾಗೆ ಓಡುವವನನ್ನು ಎದುರು ತಂಡದವರು ಮೈಮೇಲೆ ಬಿದ್ದು ಕೆಡವಬೇಕು. ಓಡುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಕೆಡವುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ.

ಒಂದೇ ಕಾಲೇಜಿನಿಂದ ಒಂದೇ ವರ್ಷ ಇಬ್ಬರು ಆ ಕಸುಬಿಗೆ ಇಳಿದರು. ಒಬ್ಬ ಓಟಗಾರ, ಇನ್ನೊಬ್ಬ ಕೆಡವುವವನು. ಅಲ್ಲಿ ಕ್ಲಬ್ಬುಗಳು ಹೊಸ ಆಟಗಾರರನ್ನು ಮೂರು ದಿನ ಸರದಿಯಂತೆ ಆರಿಸಿಕೊಳ್ಳುತ್ತವೆ, ಹೆಚ್ಚು ಬೇಕಾದವರನ್ನು ಮೊದಲು. ಓಟಗಾರನ ಹೆಸರನ್ನು ಮೊದಲ ದಿನವೇ ಕೂಗಿದರು. ಕೆಡವುವವನ ಹೆಸರು ಬಂದದ್ದು ಮೂರನೆಯ ದಿನ, ಮನೆಯಲ್ಲಿ ನೆರೆದಿದ್ದ ನೆಂಟರೆಲ್ಲ ಎದ್ದು ಹೋದ ಮೇಲೆ. ಕಿಚ್ಚು ಹತ್ತಿದ್ದು ಅಂದು.

ಬೇರೆ ಬೇರೆ ಕ್ಲಬ್ಬು ಸೇರಿದರೂ ವರ್ಷಕ್ಕೆ ಎರಡು ಸಲ ಇಬ್ಬರೂ ಎದುರಾಗುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ಕೆಡವುವವನು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ. ಆದರೆ ಪತ್ರಿಕೆಯಲ್ಲಿ ಬರುತ್ತಿದ್ದುದು ಓಟಗಾರನ ಮುಖ. ಅವನ ಸೊಂಟ ಬಳಸಿದ ತೋಳೊಂದು ಮಾತ್ರ ಕೆಡವುವವನದು.

ಅವನು ಮನೆಯಲ್ಲಿ ಕೂತು ಓಟಗಾರನ ಒಂದೊಂದು ಆಟವನ್ನೂ ಟೀವಿಯಲ್ಲಿ ಹಾಕಿ ಹಾಕಿ ನೋಡುತ್ತಿದ್ದ. ಯಾವ ಕಾಲು ಮೊದಲು ಎತ್ತುತ್ತಾನೆ, ಚೆಂಡು ಕೈಗೆ ಬರುವ ಮುನ್ನ ಎತ್ತ ನೋಡುತ್ತಾನೆ, ಎಲ್ಲವೂ ಬಾಯಿಪಾಠವಾಯಿತು. ಊಟಕ್ಕೆ ಕರೆದು ಕರೆದು ಸಾಕಾದ ಹೆಂಡತಿ ಒಮ್ಮೆ ಅಂದಳು: “ನಮ್ಮ ಮಗಳು ಇವತ್ತು ಮೊದಲ ಸಲ ಹೆಜ್ಜೆ ಇಟ್ಟಳು. ನೀವು ಅವನ ಓಟ ನೋಡುತ್ತಾ ಕೂತಿದ್ದಿರಿ.”

ಒಂದು ಪಂದ್ಯದಲ್ಲಿ ಅವನು ಡಿಕ್ಕಿ ಹೊಡೆದ ರಭಸಕ್ಕೆ ಓಟಗಾರನ ಕೈಯಿಂದ ಚೆಂಡು ಜಾರಿತು. ತಲೆ ನೆಲಕ್ಕೆ ಬಡಿಯಿತು. ಕೆಡವುವವನ ಕ್ಲಬ್ಬು ಗೆದ್ದಿತು. ಮರುದಿನ ಆಸೆಯಿಂದ ಪತ್ರಿಕೆ ಬಿಡಿಸಿದ. ಓಟಗಾರ ಚೆಂಡು ಕೈಬಿಟ್ಟ ಎಂದು ದೊಡ್ಡ ಅಕ್ಷರದಲ್ಲಿತ್ತು. ಕೆಡವಿದವನ ಹೆಸರೇ ಇರಲಿಲ್ಲ.

ಮಂಡಿ ಸವೆದು ಅವನು ಆಟ ಬಿಟ್ಟ. ಅದೇ ವರ್ಷ ಓಟಗಾರನೂ ಬಿಟ್ಟ. ಓಟಗಾರನಿಗೆ ಕ್ರೀಡಾಂಗಣದ ಬಾಗಿಲಲ್ಲಿ ಪ್ರತಿಮೆ ನಿಲ್ಲಿಸಿದರು. ಕೆಡವುವವನು ಆ ರಸ್ತೆಯಲ್ಲಿ ಹೋಗುವುದನ್ನೇ ನಿಲ್ಲಿಸಿದ. ಲೋಕ ಓಟಗಾರನನ್ನು ಮರೆಯಲಿ ಎಂದು ದಿನದಿನವೂ ಬಯಸಿದ.

ಲೋಕ ಮರೆಯಲಿಲ್ಲ. ಓಟಗಾರನೇ ಮರೆತ. ವರ್ಷವರ್ಷ ತಲೆಗೆ ಬಿದ್ದ ಪೆಟ್ಟುಗಳಿಂದ ಹೀಗಾಯಿತು ಎಂದರು ವೈದ್ಯರು. ಮೊದಲು ಮನೆಯ ದಾರಿ ಮರೆತ, ಆಮೇಲೆ ಮಕ್ಕಳ ಹೆಸರು, ಕೊನೆಗೆ ತಾನು ಆಟಗಾರನಾಗಿದ್ದೆ ಎಂಬುದನ್ನೇ ಮರೆತ. ಅವನ ಹೆಂಡತಿ ಕೆಡವುವವನಿಗೆ ಫೋನ್ ಮಾಡಿದಳು.

“ಅವರ ಒಂದೊಂದು ಓಟವೂ ನಿಮಗೆ ನೆನಪಿದೆಯಂತೆ. ಬಂದು ಅವರಿಗೆ ಹೇಳುತ್ತೀರಾ? ನಮಗ್ಯಾರಿಗೂ ಅಷ್ಟು ಗೊತ್ತಿಲ್ಲ.”

ಅವನು ಹೋದ. ಕನಿಕರದಿಂದಲ್ಲ, ಬಿದ್ದವನನ್ನು ಕಣ್ಣಾರೆ ನೋಡಲು ಹೋದ.

ಓಟಗಾರ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ. ಬಂದವನ ಗುರುತು ಹಿಡಿಯಲಿಲ್ಲ. ಕೆಡವುವವನು ಹೇಳತೊಡಗಿದ. ಯಾವ ಊರು, ಯಾರ ಮೇಲೆ ಪಂದ್ಯ, ಎಷ್ಟು ಗಜ ಓಡಿದ್ದು, ಎಲ್ಲವನ್ನೂ ಹೇಳಿದ. ಓಟಗಾರ ಯಾರದೋ ಸಾಹಸ ಕೇಳುವಂತೆ ಕೇಳಿ ಚಪ್ಪಾಳೆ ತಟ್ಟಿದ. ಹೇಳುತ್ತ ಹೇಳುತ್ತ ಚೆಂಡು ಜಾರಿದ ಆ ಪಂದ್ಯ ಬಂತು. ವೈದ್ಯರು ಹೇಳಿದ ಪೆಟ್ಟುಗಳಲ್ಲಿ ಅದೂ ಒಂದು, ಅದು ಕೆಡವುವವನು ಕೊಟ್ಟದ್ದು. ಹೇಳದೆ ದಾಟಬಹುದಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಅವನ ಪಾಲಿಗೆ ಇದ್ದದ್ದು ಆ ಗೆಲುವೊಂದೇ. ಹೇಳಿದ.

ಓಟಗಾರ ಮುಂದಕ್ಕೆ ಬಾಗಿ ಕೇಳಿದ: “ಕೆಡವಿದವನು ಯಾರು?”

“ಅವನ ಹೆಸರು ಪತ್ರಿಕೆಯಲ್ಲಿ ಬರಲಿಲ್ಲ.”

“ಅನ್ಯಾಯ. ಆಟ ಗೆದ್ದುಕೊಟ್ಟವನು ಅವನಲ್ಲವೇ? ಎಂಥ ಗಟ್ಟಿಗ! ಅವನನ್ನು ನಾನು ಒಮ್ಮೆ ನೋಡಬೇಕಿತ್ತು.”

ಇಷ್ಟು ಹೇಳಿ ಓಟಗಾರ ಕುರ್ಚಿಗೆ ಒರಗಿದ. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು. ಮುಖದಲ್ಲಿ ನಗು ಹಾಗೇ ಉಳಿದಿತ್ತು. ಕೆಡವುವವನು ಅವನ ಎದುರಿಗೇ ಬಹಳ ಹೊತ್ತು ಕೂತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲನ ಕಣ್ಣು ತುಂಬಿತ್ತು.

“ಅವನು ಬಯಸಿದ್ದ ಮಾತು ಆ ಬಾಯಿಂದಲೇ ಬಂತು. ಅಲ್ಲಿಗೆ ಅವನ ಹೊಟ್ಟೆಕಿಚ್ಚು ತೀರಿತಲ್ಲವೇ, ಬುದ್ಧೀ?”

“ಇಲ್ಲಪ್ಪ. ಇವನು ಎಲ್ಲ ಮರೆತು ಎಷ್ಟು ಹಾಯಾಗಿ ಮಲಗಿದ್ದಾನೆ, ಆ ಮರೆವು ನನಗೆ ಬರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಟ್ಟ.”