ಜಾರುಬೆಟ್ಟದ ಹೊಗೆ ಮತ್ತು ಕುಪ್ಪಣ್ಣನ ಉಪವಾಸ

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತಿನಲ್ಲಿಯೂ ಸೊಗಸಿಲ್ಲ. ಮೂರನೆಯ ತರಗತಿಯವರೆಗೆ ಮಾತ್ರ ಓದಿದವಳು, ಮೊದಲ ಬಾರಿಗೆ ಕತೆ ಬರೆಯಲು ಕುಳಿತಿದ್ದೇನೆ. ತಿಳಿದವರು ಮನ್ನಿಸಿ ಓದಬೇಕು.

ಹಿಮದ ಬೆಟ್ಟಗಳ ನಡುವೆ ಧವಳಶೇಖರನೆಂಬ ರಾಜನಿದ್ದನು. ಅವನ ರಾಜ್ಯದಲ್ಲಿ ವಜ್ರಪಾಲನೆಂಬ ಶ್ರೀಮಂತನು ಒಂದು ಬೆಟ್ಟವನ್ನೇ ಗುತ್ತಿಗೆ ಹಿಡಿದಿದ್ದನು. ದೂರದೇಶದ ಧನಿಕರು ಅಲ್ಲಿಗೆ ಬಂದು, ಕಾಲಿಗೆ ಮರದ ಪಟ್ಟಿ ಕಟ್ಟಿಕೊಂಡು, ಹಿಮದ ಮೇಲೆ ಜಾರುವರು. ಆಮೇಲೆ ಚಳಿಯೆಂದು ಗೋಳಾಡುವರು. ಅವರ ಬಿಸಿನೀರಿಗಾಗಿ ನಲವತ್ತು ಒಲೆಗಳು ಹಗಲಿರುಳು ಉರಿಯುತ್ತಿದ್ದವು. ಆ ಹೊಗೆಗೆ ಹಿಮ ಕಪ್ಪಾಗಿ, ವರ್ಷ ವರ್ಷಕ್ಕೂ ಬೇಗ ಕರಗತೊಡಗಿತು. ಒಂದು ಮಾಘದಲ್ಲಿ ಮಂತ್ರಿಯ ಭಾವಮೈದುನನು ಜಾರಲು ಹೋಗಿ ಸೊಂಟದವರೆಗೆ ಕೆಸರಿನಲ್ಲಿ ಹೂತುಹೋದನು.

ದೂರು ಅರಮನೆಗೆ ಬಂದಿತು. ರಾಜನು ಸಭೆಗೆ ಕರೆಸಿದರೂ ವಜ್ರಪಾಲನು ಅಳುಕಲಿಲ್ಲ.

"ಮಹಾಪ್ರಭು, ಮೂವತ್ತು ವರ್ಷಗಳಾದ ಮೇಲೆ ನನ್ನ ಬೆಟ್ಟದಿಂದ ಒಂದೆಳೆ ಹೊಗೆಯೂ ಏಳದು. ಇದು ನನ್ನ ಸಂಕಲ್ಪ!"

"ಅಲ್ಲಿಯವರೆಗೆ?" ಎಂದನು ರಾಜ.

"ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ. ಕಣಿವೆಯ ಕುರುಬರಿಗೆ ಮನೆಗೊಂದು ಕಂಬಳಿ ಕೊಟ್ಟು, ಒಲೆ ಹಚ್ಚಬೇಡಿರೆಂದು ಹೇಳಿದ್ದೇನೆ. ಅವರ ಮನೆಯಲ್ಲಿ ಏಳದ ಹೊಗೆಗೂ ನನ್ನ ಹೊಗೆಗೂ ಸರಿಹೋಯಿತು. ಇಂಥ ಸಂಕಲ್ಪಕ್ಕೆ ಮೆಚ್ಚುಗೆಯಾಗಿ ಕುರುಬರ ಕಾಡನ್ನು ನನಗೆ ಬರೆದುಕೊಡಬೇಕು. ಒಲೆಗಳಿಗೆ ಸೌದೆ ಸಾಲುತ್ತಿಲ್ಲ."

ಬಾಗಿಲ ಬಳಿ ನಿಂತಿದ್ದ ಕುರುಬರ ಹಿರಿಯಳು ದೊಡ್ಡೀರಮ್ಮ ಎದೆ ಹಿಡಿದುಕೊಂಡಳು. "ಕಾಡು ಹೋದರೆ ನಮ್ಮ ಕುರಿಗಳು ಕಂಬಳಿ ಮೇಯಬೇಕೇನಪ್ಪಾ?"

ಆಸ್ಥಾನದ ಜಾಣ ಕುಪ್ಪಣ್ಣನು ಅವಳತ್ತ ನೋಡಿ ಸುಮ್ಮನಿರುವಂತೆ ಸನ್ನೆ ಮಾಡಿದನು. ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಸಭೆಯಲ್ಲಿ ಸಂಕಲ್ಪ ಮಾಡಿದವನೂ ಅವನ ಸಾಕ್ಷಿಯೂ ಸೂರ್ಯ ಮುಳುಗುವವರೆಗೆ ಅಲ್ಲಿಯೇ ಕುಳಿತು ಉಪವಾಸವಿರಬೇಕು. ಆಮೇಲೆಯೇ ಸಂಕಲ್ಪವನ್ನು ತಾಮ್ರಪಟದಲ್ಲಿ ಕೆತ್ತಿಸಿ ರಾಜಮುದ್ರೆ ಒತ್ತುವರು. ಇಬ್ಬರಲ್ಲಿ ಒಬ್ಬನು ತಿಂದರೂ ಸಂಕಲ್ಪ ಮುರಿಯಿತು.

"ಸಾಕ್ಷಿಯಾಗಿ ನಾನಿರುತ್ತೇನೆ," ಎಂದನು ಕುಪ್ಪಣ್ಣ.

ಮಧ್ಯಾಹ್ನವಾಯಿತು. ವಜ್ರಪಾಲನ ಹೊಟ್ಟೆ ಸಭೆಗೆಲ್ಲ ಕೇಳುವಂತೆ ಗುರುಗುಟ್ಟಿತು. ಆಗ ಕುಪ್ಪಣ್ಣನು ಎಲೆ ಹಾಸಿಸಿಕೊಂಡು, ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದು, ಕಣ್ಣು ಮುಚ್ಚಿ ಸವಿಯತೊಡಗಿದನು. ಒಂದಾಯಿತು, ಎರಡಾಯಿತು. ಮೂರನೆಯದಕ್ಕೆ ವಜ್ರಪಾಲನಿಗೆ ತಡೆಯಲಾಗಲಿಲ್ಲ.

"ಪ್ರಭು! ಈ ಹೊಟ್ಟೆಬಾಕ ಉಪವಾಸ ಕೆಡಿಸಿದ!"

"ಎಲ್ಲಿ ಕೆಡಿಸಿದೆ ಸ್ವಾಮಿ?" ಎಂದನು ಕುಪ್ಪಣ್ಣ ಬಾಯಿ ತುಂಬಿಕೊಂಡೇ. "ಅಡುಗೆಮನೆಯಲ್ಲಿ ಮೂವರು ಆಳುಗಳು ನನ್ನ ಪರವಾಗಿ ಹಸಿದು ಕುಳಿತಿದ್ದಾರೆ. ಅವರು ತಿನ್ನದ ಹೋಳಿಗೆಗೂ ನಾನು ತಿಂದ ಹೋಳಿಗೆಗೂ ಸರಿಹೋಯಿತು. ಮೂವತ್ತು ವರ್ಷಗಳಲ್ಲಿ ನಾನೂ ಪೂರ್ತಿ ನಿಲ್ಲಿಸಿಬಿಡುತ್ತೇನೆ. ಸದ್ಯಕ್ಕೆ ಸ್ವಲ್ಪ ತುಪ್ಪ ಈ ಕಡೆ ಸರಿಸಿ."

ಹಸಿವು, ಸಿಟ್ಟು ಎರಡೂ ಸೇರಿ ವಜ್ರಪಾಲನು ಕೂಗಿದನು: "ಯಾರೋ ಹಸಿದರೆ ನೀನು ತಿಂದದ್ದು ತಿನ್ನದಂತಾಗುತ್ತದೆಯೇ? ನಾಚಿಕೆಗೆಟ್ಟವನೇ, ತಿನ್ನುತ್ತಿರುವುದು ನಿನ್ನ ಬಾಯಿ! ಮುಚ್ಚಬೇಕಾದದ್ದು ಅದನ್ನು, ಅದೂ ಈಗಲೇ!"

ಕುಪ್ಪಣ್ಣನು ಕೈ ತೊಳೆದು, ರಾಜನಿಗೆ ನಮಸ್ಕರಿಸಿದನು.

"ಪ್ರಭು, ಒಲೆಗಳ ವಿಷಯದಲ್ಲಿ ಇದನ್ನೇ ಅರಿಕೆ ಮಾಡಿಕೊಳ್ಳಬೇಕೆಂದಿದ್ದೆ. ನನಗಿಂತ ಅವರೇ ಚೆನ್ನಾಗಿ ಹೇಳಿದರು."

ರಾಜನು ಕಿರೀಟ ಓರೆಯಾಗುವಷ್ಟು ನಕ್ಕನು. "ತಾಮ್ರಪಟದಲ್ಲಿ ವಜ್ರಪಾಲನ ಈ ಮಾತನ್ನೇ ಕೆತ್ತಿ. ಕುರುಬರ ಕಾಡು ಅವರಲ್ಲಿಯೇ ಇರಲಿ, ಅವರ ಒಲೆಗಳೂ ಉರಿಯಲಿ. ವಜ್ರಪಾಲಾ, ಇಂದು ಸಂಜೆಯೊಳಗೆ ನಿನ್ನ ಇಪ್ಪತ್ತು ಒಲೆಗಳು ಆರಬೇಕು. ಉಳಿದ ಇಪ್ಪತ್ತು, ಬರುವ ಮಾಘದೊಳಗೆ."

"ಅತಿಥಿಗಳು ಚಳಿಯೆನ್ನುತ್ತಾರೆ ಪ್ರಭು!"

ದೊಡ್ಡೀರಮ್ಮ ಬಾಗಿಲಿನಿಂದಲೇ ಕೂಗಿದಳು: "ನಿನ್ನ ಕಂಬಳಿಗಳನ್ನು ವಾಪಸು ಕಳಿಸುತ್ತೇವೆ, ಹೊದಿಸಪ್ಪಾ!"

ರಾಜನು ಕುಪ್ಪಣ್ಣನ ಕಡೆಗೆ ತಿರುಗಿದನು. "ನಿನಗೇನು ಬಹುಮಾನ ಬೇಕು?"

"ಅಡುಗೆಮನೆಯಲ್ಲಿ ಹಸಿದಿರುವ ಆ ಮೂವರಿಗೆ ಹೋಳಿಗೆ ಊಟ ಹಾಕಿಸಿ ಪ್ರಭು," ಎಂದನು ಕುಪ್ಪಣ್ಣ. "ಮೂವತ್ತು ವರ್ಷದ ಮೇಲಲ್ಲ, ಈಗಲೇ."

ಬರೆದದ್ದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.